ಮೂವತ್ತೆರಡರಲ್ಲಿ ಬೆಳೆದ ಪಾದ

ಹೊಸ ಚಪ್ಪಲಿ ಕಚ್ಚುವುದು ಯಾರಿಗೆ ಗೊತ್ತಿಲ್ಲ? ನನ್ನ ಗೆಳೆಯ ಚಕ್ರಪಾಣಿಗೆ ಹಳೆಯ ಚಪ್ಪಲಿಯೇ ಕಚ್ಚತೊಡಗಿತು.

ಅವನಿಗೆ ಮೂವತ್ತೆರಡು ವರ್ಷ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಪ್ರೂಫ್ ತಿದ್ದುವ ಕೆಲಸ. ೧೯೮೧ರ ಬೇಸಿಗೆಯಲ್ಲಿ ನಾವಿಬ್ಬರೂ ಚಾಮರಾಜಪೇಟೆಯಲ್ಲಿ ಚಪ್ಪಲಿ ಹೊಲಿಯುವ ಮುನಿಸ್ವಾಮಿಯವರ ಅಂಗಡಿಗೆ ಹೋದೆವು. ಎರಡು ವರ್ಷದಲ್ಲಿ ಅವನು ಹೊಲಿಸುತ್ತಿದ್ದ ಮೂರನೆಯ ಜೊತೆ ಅದು.

"ಏನ್ ಗುರು, ವಿಲನ್ ಪಾರ್ಟ್ ಸಿಕ್ತಾ?" ಎಂದೆ. "ದವಡೆ ಮುಂದೆ ಬಂತು, ಮೂಗು ದಪ್ಪ ಆಯ್ತು, ವಾಯ್ಸ್ ಅಂತೂ ಗುಡುಗು. ಮೇಕಪ್‌ನವರಿಗೆ ಕೆಲಸಾನೇ ಇಲ್ಲ!"

"ಸುಮ್ನಿರೋ. ಮೊದ್ಲೇ ತಲೆನೋವು," ಎಂದ ಚಕ್ರಪಾಣಿ.

ಎರಡು ವರ್ಷದ ಹಿಂದೆ ಅವನ ಪಾದದ ಸುತ್ತ ಪೆನ್ಸಿಲ್ ಎಳೆದು ಇಟ್ಟಿದ್ದ ಕಾಗದವನ್ನು ಮುನಿಸ್ವಾಮಿ ನೆಲಕ್ಕೆ ಹಾಸಿ, ಅದರ ಮೇಲೆ ಕಾಲಿಡಿಸಿದರು. ಪಾದ ಸುತ್ತಲೂ ಗೆರೆ ದಾಟಿತ್ತು.

"ಈ ವಯಸ್ಸಲ್ಲಿ ಕಾಲು ಬೆಳಿಯಲ್ಲ ಸ್ವಾಮಿ. ಹಿಂದೆ ಒಬ್ರು ಗಿರಾಕಿಗೂ ಹಿಂಗೇ ಆಯ್ತು. ಆಮೇಲೆ ಮಗನ ಕೈ ಹಿಡ್ಕೊಂಡು ಬಂದ್ರು. ಕಣ್ಣು ಹೋಗಿತ್ತು. ತಲೆ ಒಳಗೆ ಗೆಡ್ಡೆಯಂತೆ. ನೀವು ನಾಳೇನೇ ದೊಡ್ಡಾಸ್ಪತ್ರೇಲಿ ತೋರ್ಸಿ."

"ಎಂಥಾ ಕ್ಲೈಮ್ಯಾಕ್ಸ್ ಹೇಳ್ತೀರ ಮುನಿಸ್ವಾಮಣ್ಣ!" ನಾನು ನಕ್ಕೆ. ಅವರು ನಗಲಿಲ್ಲ.

ಮನೆಯಲ್ಲಿ ಚಕ್ರಪಾಣಿಯ ತಾಯಿ ಆಂಡಾಳಮ್ಮ ಸಿಡುಕಿದರು. "ಮೈಕೈ ತುಂಬ್ಕೊಂಡ್ರೆ ರೋಗಾನಾ? ಚಪ್ಪಲಿ ಹೊಲಿಯೋರು ಯಾವಾಗ ಡಾಕ್ಟ್ರಾದ್ರು? ಯಾರದೋ ಕಣ್ಣು ಬಿದ್ದಿದೆ ಅಷ್ಟೆ." ಮೆಣಸಿನಕಾಯಿ ನಿವಾಳಿಸಿದರು. ಮಗನ ಉಂಗುರ ಬೆರಳಲ್ಲಿ ಸಿಕ್ಕಿಕೊಂಡಾಗ ಅಕ್ಕಸಾಲಿಗರಿಂದ ಕತ್ತರಿಸಿ ತೆಗೆಸಿದರು. ಎಂಟು ತಿಂಗಳು ಹಾಗೇ ಹೋಯಿತು.

ಒಂದು ಮಧ್ಯಾಹ್ನ ನಾವಿಬ್ಬರೂ ಸುಲ್ತಾನ್‌ಪೇಟೆಯಲ್ಲಿ ನಡೆದು ಹೋಗುತ್ತಿದ್ದಾಗ ಪಕ್ಕದಿಂದ ಬಂದ ಕೈಗಾಡಿ ಅವನಿಗೆ ಕಾಣಲೇ ಇಲ್ಲ. ಗಾಡಿ ತಗುಲಿ ಬಿದ್ದ.

"ಕಣ್ ಕಾಣ್ಸಲ್ವೇನ್ರೀ?" ಗಾಡಿಯವನು ಬೈದ.

ಚಕ್ರಪಾಣಿ ಬಿದ್ದಲ್ಲಿಂದಲೇ ನನ್ನ ಕೈ ಹಿಡಿದ. "ಕಾಣಲ್ಲ ಕಣೋ. ಎಡಗಣ್ಣು ಪೂರ್ತಿ ಕತ್ತಲೆ. ಬಲಗಣ್ಣಲ್ಲಿ ಎದುರಿಗಿರೋದು ಮಾತ್ರ. ಕೆಲಸ ಹೋಗತ್ತೆ ಅಂತ ಯಾರಿಗೂ ಹೇಳ್ಲಿಲ್ಲ."

ನಾನು ಅವನನ್ನು ಎಬ್ಬಿಸಿ ಆಟೋದಲ್ಲಿ ಕೂರಿಸಿ, ಆಂಡಾಳಮ್ಮನನ್ನೂ ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದೆ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮಿದುಳಿನ ಕೆಳಗೆ ಪಿಟ್ಯುಟರಿ ಅಂತ ಕಡ್ಲೆಕಾಳಷ್ಟು ಗ್ರಂಥಿ ಇರತ್ತೆ. ಮೈ ಬೆಳೆಸೋ ಹಾರ್ಮೋನು ಬರೋದು ಅಲ್ಲಿಂದ. ಅಲ್ಲಿ ಗೆಡ್ಡೆ ಆಗಿದೆ. ಅದಕ್ಕೇ ಕೈಕಾಲು, ದವಡೆ ದೊಡ್ಡದಾಗಿರೋದು. ಈಗ ಕಣ್ಣಿನ ನರ ಒತ್ತುತಾ ಇದೆ. ಆಪರೇಷನ್ ಆಗ್ಬೇಕು."

"ಎಂಟು ತಿಂಗ್ಳ ಹಿಂದೆ ಬಂದಿದ್ರೆ ಡಾಕ್ಟ್ರೇ?" ಆಂಡಾಳಮ್ಮ ಕೇಳಿದರು.

"ಎರಡು ಕಣ್ಣೂ ಉಳೀತಿತ್ತೇನೋ ಅಮ್ಮ. ಈಗ ಒಂದನ್ನಾದ್ರೂ ಉಳಿಸ್ಕೊಳೋಣ."

"ಬೇಗ ಮಾಡಿ. ಎಲ್ಲಿ ಸೈನ್ ಹಾಕ್ಲಿ?"

ಆಪರೇಷನ್ ಆಯಿತು. ಮೈ ಬೆಳೆಯುವುದು ನಿಂತಿತು. ಬಲಗಣ್ಣಿನಲ್ಲಿ ಇದ್ದಷ್ಟು ಉಳಿಯಿತು. ಎಡಗಣ್ಣು ಮರಳಿ ಬರಲಿಲ್ಲ. ಪ್ರೂಫ್ ಕೆಲಸವೂ ಹೋಯಿತು. ತಟ್ಟೆಯ ಬಲತುದಿಗೆ ಬಡಿಸಿದ ಪಲ್ಯ ಅವನಿಗೆ ಕಾಣುವುದಿಲ್ಲ. ಆಂಡಾಳಮ್ಮ ಅದನ್ನು ನಡುವಿಗೆ ಸರಿಸುತ್ತಾರೆ. ಬೀದಿಯಲ್ಲಿ ಸಿಕ್ಕ ಹೆಂಗಸರಿಗೆಲ್ಲ ಒಂದೇ ಮಾತು: "ಯಾರ್ ಹೇಳಿದ್ರು ಅಂತ ನೋಡ್ಬೇಡ್ರೇ, ಏನ್ ಹೇಳಿದ್ರು ಅಂತ ಕೇಳಿ. ನಾನು ಕೇಳ್ಲಿಲ್ಲ."

ಓದುತ್ತಿರುವ ನಿಮಗೂ ಒಂದು ಮಾತು. ಇಂಥ ಕಾಯಿಲೆ ಅಪರೂಪ, ಹೆದರಿ ಕೂರಬೇಡಿ. ಆದರೆ ದೊಡ್ಡವರಾದ ಮೇಲೂ ಯಾರದ್ದಾದರೂ ಕೈಕಾಲು ಬೆಳೆಯುತ್ತಿದ್ದರೆ, ಮುಖದ ಚಹರೆ ಬದಲಾದರೆ, ತಲೆನೋವು ಬಿಡದಿದ್ದರೆ, ಹಳೆಯ ಫೋಟೋ ಪಕ್ಕ ಇಟ್ಟು ನೋಡಿ. ದಿನಾ ನೋಡುವವರ ಕಣ್ಣಿಗೆ ಈ ಬದಲಾವಣೆ ಬೀಳುವುದಿಲ್ಲ. ಅಡ್ಡಹೆಸರಿಟ್ಟು ನಗಬೇಡಿ, ನಾನು ನಕ್ಕಿದ್ದೇ ಸಾಕು. ಅವರಿಗೆ ನಿಮ್ಮ ಮುಖ ಕಾಣುತ್ತಿರುವಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೊರಡಿ.