ಹರಳಿನ ಸೂರ್ಯಾಸ್ತ

ಮಿಸ್ ಐಸಿಲ್ಡಾ ಬಿಸಿಲಿಗೆ ಬಂದರೆ ಮಿನುಗುತ್ತಿದ್ದರು. ಇದು ಅಲಂಕಾರದ ಮಾತಲ್ಲ. ಮೊಣಕೈಯಲ್ಲಿ ಒಂದು, ಗಲ್ಲದ ಸುಕ್ಕಿನಲ್ಲಿ ಒಂದು, ಮಾಸಿದ ನಿಲುವಂಗಿಯ ಮಡಿಕೆಗಳಲ್ಲಿ ಹತ್ತಾರು, ಹೀಗೆ ಎಲ್ಲೆಲ್ಲೋ ಸಿಕ್ಕಿಕೊಂಡ ಗಾಜಿನ ಹರಳುಗಳನ್ನು ಹೊತ್ತು, ಎಡಗಾಲನ್ನು ತುಸುವೇ ಎಳೆಯುತ್ತ, ತಗಡಿನ ಬೇಲಿಗಳ ನಡುವೆ ಅವರು ಬ್ರೆಡ್ಡು ತರಲು ಹೊರಟರೆಂದರೆ, ಕಿಂಗ್‌ಸ್ಟನ್ನಿನ ನಮ್ಮ ಓಣಿಯಲ್ಲಿ ಡಾಮಿನೊ ಆಡುತ್ತ ಕುಳಿತವರು ಕಾಯಿಯನ್ನು ಕೈಯಲ್ಲೇ ಹಿಡಿದು ಸುಮ್ಮನಾಗುತ್ತಿದ್ದರು. "ಇವತ್ತು ಯಾರದು, ಮಿಸ್ ಐಸಿ?" ಎಂದು ಯಾರಾದರೊಬ್ಬರು ಕೇಳುವರು. ಅವರು ಹೆಸರು ಹೇಳಿ ಮುಂದೆ ಹೋಗುವರು. ಅವರು ಮಿನುಗಿದರೆ ಓಣಿಯಲ್ಲಿ ಯಾರೋ ಸತ್ತಿದ್ದಾರೆಂದೇ ಅರ್ಥ.

ನಮ್ಮ ಕಡೆ ದುಃಖ ಮಾಸಲು ಬಟ್ಟೆ ಉಡುವುದಿಲ್ಲ. ಸತ್ತವನ ಮುಖವನ್ನು ಅಂಗಿಯ ಎದೆಯ ಮೇಲೆ ಅಚ್ಚು ಹಾಕಿಸಿ, ಹೆಸರನ್ನು ಹರಳಿನಲ್ಲಿ ಬರೆಸಿ, ತಾಯಿ, ಅಕ್ಕತಂಗಿಯರು, ಗೆಳೆಯರು ಎಲ್ಲರೂ ಅದನ್ನೇ ತೊಟ್ಟು ಗುಣಿಯವರೆಗೆ ನಡೆಯುತ್ತಾರೆ. ಹುಟ್ಟು, ಸಾವು ಎಂಬ ಒರಟು ಮಾತುಗಳನ್ನು ಅಲ್ಲಿ ಬರೆಯುವುದಿಲ್ಲ. ಎಡಕ್ಕೆ 'ಸೂರ್ಯೋದಯ', ಕೆಳಗೆ ತಾರೀಕು. ಬಲಕ್ಕೆ 'ಸೂರ್ಯಾಸ್ತ', ಕೆಳಗೆ ತಾರೀಕು. ಅಚ್ಚು ಹಾಕುವ ಅಂಗಡಿಗಳು ಬೇಕಾದಷ್ಟಿದ್ದವು. ಹರಳಿಗೆ ಮಾತ್ರ ಎಲ್ಲರೂ ಮಿಸ್ ಐಸಿಲ್ಡಾರ ಅಡುಗೆಮನೆಗೇ ಬರಬೇಕು.

ನಾನು ಪಕ್ಕದ ಮನೆಯವನು. ನಡುವೆ ಒಂದು ತಗಡು ಅಷ್ಟೆ. ಊಟದ ಮೇಜಿನ ಮೇಲೆ ಅವರು ಕಂಬಳಿ ಮಡಿಸಿ ಹಾಸಿ, ಅಂಟುಹಾಳೆಯ ಮೇಲೆ ಚಿಮುಟದಿಂದ ಒಂದೊಂದೇ ಹರಳನ್ನು ಬೋರಲಾಗಿ ಇಡುವರು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಆಮೇಲೆ ಹಾಳೆಯನ್ನು ಅಂಗಿಯ ಮೇಲೆ ಮಗುಚಿ, ಮೇಲೊಂದು ಬಟ್ಟೆ ಹಾಕಿ, ಸೊಸೆ ವಿದೇಶದಿಂದ ಕಳಿಸಿದ ಹಬೆಯ ಇಸ್ತ್ರಿಯನ್ನು ಬದಿಗಿಟ್ಟು ತಮ್ಮ ಹಳೆಯ ಭಾರದ ಇಸ್ತ್ರಿಯನ್ನೇ ಒತ್ತುವರು. ಗಡಿಯಾರ ನೋಡಿದವರಲ್ಲ, ಚರ್ಚಿನ ಹಾಡಿನ ಒಂದು ಚರಣ ಗುನುಗಿ ಮುಗಿಯುವಷ್ಟರಲ್ಲಿ ಹರಳಿನ ಬೆನ್ನಿನ ಗೋಂದು ಕರಗಿ ನೂಲಿಗೆ ಇಳಿದಿರುತ್ತಿತ್ತು. ಬಿಸಿಯಿರುವಾಗ ಮುಟ್ಟಿದರೆ ಕಲ್ಲು ಜಾರುತ್ತದೆ. ಆದ್ದರಿಂದ ಯಾರೇ ಕೈ ಚಾಚಲಿ, "ಆರಲಿ, ಆಮೇಲೆ ನೋಡು" ಎನ್ನುವರು. ಕೊನೆಕೊನೆಗೆ ಈ 'ಆರಲಿ' ಅವರ ನಾಲಗೆಗೇ ಅಂಟಿಕೊಂಡಿತು. ಮೇಕೆಯ ಸಾರಿಗೂ ಆರಲಿ, ಗಂಡಹೆಂಡಿರ ಜಗಳಕ್ಕೂ ಆರಲಿ, ಮಗನನ್ನು ಕಳೆದುಕೊಂಡು ಮೇಜಿಗೆ ತಲೆ ಚಚ್ಚಿಕೊಳ್ಳುವ ತಾಯಿಗೂ, ಬೆನ್ನು ಸವರುತ್ತ, ಆರಲಿ.

ಎದುರು ಅಂಗಳದ ಶೆರ್ನೆಟ್ ಮೀನು ಕರಿದು ಮಾರುವವಳು. ಅವಳ ಮಗ ಜೆವಾನ್ ಮಿಸ್ ಐಸಿಲ್ಡಾರ ಮೆಕ್ಕೆಜೋಳದ ಗಂಜಿ ಕುಡಿದೇ ಬೆಳೆದವನು. ಇಸ್ತ್ರಿಯ ತಂತಿ ಕಿತ್ತುಹೋದಾಗಲೆಲ್ಲ ಬೈಸಿಕೊಳ್ಳುತ್ತ ಸರಿಮಾಡಿ ಕೊಡುತ್ತಿದ್ದ. ಒಂದು ಮಧ್ಯಾಹ್ನ ಬಂದು ಮೇಜಿನ ತುದಿಗೆ ಕುಳಿತ.

"ಮಿಸ್ ಐಸಿ, ನಂಗೊಂದು ಅಂಗಿ ಮಾಡ್ಕೊಡಿ. ಹುಟ್ಟುಹಬ್ಬಕ್ಕೆ. ಕುಣಿಯೋ ಕಡೆ ಎಲ್ಲರ ಕಣ್ಣು ಕುಕ್ಬೇಕು."

"ಬದುಕಿರೋರಿಗೆ ನಾನು ಮಾಡಲ್ಲ ಕಣೋ. ಮೇಜಿಂದ ಇಳಿ ಮೊದ್ಲು."

"ಸತ್ತೋರು ಎದ್ದು ಬಂದು ಚೆನ್ನಾಗಿದೆ ಅಂತಾರಾ? ನಾನಾದ್ರೆ ಅಂತೀನಿ."

ಮಿಸ್ ಐಸಿಲ್ಡಾ ನಕ್ಕುಬಿಟ್ಟರು. ಆ ನಗುವಿನಲ್ಲೇ ಒಪ್ಪಿಗೆಯೂ ಹೊರಟುಹೋಯಿತು. ಬದುಕಿರುವವನ ಮುಖಕ್ಕೆ ಹರಳಿನ ಕಟ್ಟು ಹಾಕುವ ಭಾಗ್ಯ ಅವರಿಗೆ ಅದೇ ಮೊದಲು. ಒಳ್ಳೆಯ ಕಲ್ಲುಗಳನ್ನೇ ಆರಿಸಿದರು, ಚರಣವನ್ನು ದೊಡ್ಡ ದನಿಯಲ್ಲೇ ಹಾಡಿದರು. ತಗಡಿನಾಚೆ ನನಗೂ ಕೇಳಿಸಿತು. ಆಮೇಲೆ ಎತ್ತಿಕೊಂಡ ಮುಂದಿನ ಚರಣ ನಡುವೆಯೇ ನಿಂತಿತು. ಏನಾಯಿತೆಂದು ನಾನು ಹೋಗಿ ನೋಡಿದರೆ, ಸುಲಿದ ಹಾಳೆ ಕೈಯಲ್ಲಿ, ಕಣ್ಣು ಅಂಗಿಯ ಮೇಲೆ. ಹೆಸರು ಸರಿಯಿತ್ತು, ಎಡಕ್ಕೆ ಸೂರ್ಯೋದಯವೆಂದು ಹುಟ್ಟಿದ ತಾರೀಕೂ ಇತ್ತು. ಬಲಕ್ಕೆ, ಸಾಲು ತಪ್ಪದೆ, ಸೂರ್ಯಾಸ್ತ. ಅದರ ಕೆಳಗೆ ತಾರೀಕಿಗೆಂದು ಬಿಟ್ಟ ಜಾಗ. ತಿರುಗುಮುರುಗು ಅಕ್ಷರಗಳನ್ನು ಓದುವ ಗೋಜಿಗೆ ಕಣ್ಣು ಹೋಗಿರಲಿಲ್ಲ. ಕೈ ತನಗೆ ಗೊತ್ತಿದ್ದುದನ್ನು ಬರೆದು ಮುಗಿಸಿತ್ತು.

ಅಂಗಿಯನ್ನು ಒಳಗುಹೊರಗು ಮಾಡಿ, ಮತ್ತೆ ಕಾಯಿಸಿ, ಗೋಂದು ಸಡಿಲವಾದಂತೆ ಒಂದೊಂದೇ ಹರಳನ್ನು ಕಿತ್ತರು. ಬೆರಳ ತುದಿ ಸುಟ್ಟರೂ ಬಿಡಲಿಲ್ಲ. ಕಲ್ಲು ಬಂತು, ಕಲೆ ಬರಲಿಲ್ಲ. ಕಪ್ಪು ಬಟ್ಟೆಯ ಮೇಲೆ ಗೋಂದಿನ ಚುಕ್ಕೆಗಳಲ್ಲಿ ಆ ಪದ ಹಾಗೆಯೇ ಉಳಿಯಿತು. ಬೇರೆ ಅಂಗಿಗೆ ಹೇಳಿಕಳಿಸಬೇಕೆನ್ನುವಷ್ಟರಲ್ಲಿ ಜೆವಾನ್ ತಾಯಿಯೊಂದಿಗೆ ಬಂದು ಅದನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದ, ಓದಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

"ತಾರೀಕೇ ಇಲ್ವಲ್ಲ ಮಿಸ್ ಐಸಿ. ಜಾಗ ಖಾಲಿ. ಅಂದ್ರೆ ನಾನು ಸಾಯೋದೇ ಇಲ್ಲ."

"ಕೊಡೋ ಇಲ್ಲಿ. ಸುಟ್ಟು ಹಾಕ್ತೀನಿ ಅದನ್ನ."

"ಆರಲಿ ಬಿಡಿ," ಎಂದು ಅವರದೇ ದನಿ ಅಣಕಿಸಿ, ಅಲ್ಲೇ ತೊಟ್ಟುಕೊಂಡು ಹೊರಟೇಹೋದ. ಶೆರ್ನೆಟ್ ನಗಲಿಲ್ಲ. ಮಿಸ್ ಐಸಿಲ್ಡಾರ ಕೈಗಳನ್ನೇ ನೋಡುತ್ತ ನಿಂತಿದ್ದು ಮಗನ ಹಿಂದೆ ನಡೆದಳು.

ಅವನು ಕುಣಿದು ಕ್ಷೇಮವಾಗಿ ಮನೆಗೆ ಬಂದ. ಮಿಸ್ ಐಸಿಲ್ಡಾ ಆ ಮಳೆಗಾಲವಿಡೀ ಬೆಳಗ್ಗೆ ಎದ್ದೊಡನೆ ಎದುರು ಅಂಗಳದತ್ತ ನೋಡಿ, ಅವನು ನಲ್ಲಿಯ ಬಳಿ ಹಲ್ಲುಜ್ಜುವುದು ಕಂಡ ಮೇಲೆಯೇ ಚಹಾಕ್ಕೆ ನೀರಿಡುತ್ತಿದ್ದರು. ಕ್ರಿಸ್‌ಮಸ್ಸಿನ ಹೊತ್ತಿಗೆ, ಓಣಿಯ ಬಾಯಲ್ಲಿ, ಇನ್ಯಾರನ್ನೋ ಅರಸಿ ಬಂದ ಕಾರಿನಿಂದ ಹಾರಿದ ಗುಂಡು ಅವನಿಗೆ ತಗುಲಿತು. ಕೈಯಲ್ಲಿ ತಾಯಿಗೆಂದು ತಂದ ಐಸಿನ ಚೀಲವಿತ್ತು. ಅದು ಕರಗುವ ಮೊದಲೇ ಜೀವ ಹೋಗಿತ್ತು.

ಶೆರ್ನೆಟ್ ಹೊಸ ಅಂಗಿ ಅಚ್ಚು ಹಾಕಿಸಲಿಲ್ಲ. ಹಳೆಯದನ್ನೇ ತಂದು ಮೇಜಿನ ಮೇಲೆ ಹಾಸಿದಳು. ಅವಳ ಹಿಂದೆ ನಾವು ಮೂರ್ನಾಲ್ಕು ಮಂದಿ ಬಾಗಿಲಲ್ಲಿ ನಿಂತಿದ್ದೆವು. ಹುಟ್ಟಿದಾಗಿನಿಂದ 'ಮಿಸ್' ಸೇರಿಸದೆ ಐಸಿಲ್ಡಾರ ಹೆಸರು ಹಿಡಿಯದವಳು ಅಂದು ಆ 'ಮಿಸ್' ಕೈಬಿಟ್ಟಳು.

"ಜಾಗ ಬಿಟ್ಟಿದ್ಯಲ್ಲ ಐಸಿಲ್ಡಾ. ತುಂಬು."

"ಶೆರ್ನೆಟ್, ಮಗಳೇ..."

"ತಾರೀಕು ಗೊತ್ತಿಲ್ವಾ? ಹೇಳ್ಲಾ?"

ಮಿಸ್ ಐಸಿಲ್ಡಾ ಕುಳಿತರು. ತಾವೇ ಕಿತ್ತ ಅಕ್ಷರಗಳನ್ನು, ಗೋಂದಿನ ಚುಕ್ಕೆ ಚುಕ್ಕೆಯ ಮೇಲೂ ಹರಳಿಟ್ಟು, ಮತ್ತೆ ಬರೆದರು. ಕೆಳಗೆ ತಾರೀಕು ತುಂಬಿದರು. ಇಸ್ತ್ರಿ ಒತ್ತಿದರು. ಹಾಡು ಬರಲಿಲ್ಲ. ಇಸ್ತ್ರಿ ಎತ್ತಿದೊಡನೆ ಶೆರ್ನೆಟ್ ತನ್ನ ಅಂಗೈಯನ್ನು ಪೂರ್ತಿಯಾಗಿ ಆ ಕಾದ ಕಲ್ಲುಗಳ ಮೇಲೆ ಊರಿದಳು. ಜನ್ಮವಿಡೀ ಊರಿಗೆಲ್ಲ ಆರಲಿ ಎಂದ ಬಾಯಿ ಆಗ ತೆರೆದು, ಏನೂ ಹೇಳದೆ ಮುಚ್ಚಿತು.

ಆಮೇಲೆ ಓಣಿ ಅವರನ್ನು ಬೇರೆ ರೀತಿ ನೋಡತೊಡಗಿತು. ಅವರು ಬಿಸಿಲಿಗೆ ಬಂದರೆ ತಾಯಂದಿರು ಗಂಡುಮಕ್ಕಳನ್ನು ಒಳಗೆ ಕರೆಯುವರು. "ಇವತ್ತು ಯಾರದು" ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಸತ್ತವರ ಅಂಗಿಗಳು ಮಾತ್ರ ಅವರ ಮನೆಗೇ ಹೋಗುತ್ತಿದ್ದವು, ಏಕೆಂದರೆ ಬೇರೆಯವರು ಅಂಟಿಸಿದ ಕಲ್ಲು ಉದುರುತ್ತದೆ. ಅವರೂ ಬೇಡವೆನ್ನಲಿಲ್ಲ.

ಹೆಣ ಮೀಯಿಸುವವರು, ಗುಣಿ ತೋಡುವವರು, ಸತ್ತವರ ಹೆಸರನ್ನು ಹೊಳೆಯುವಂತೆ ಬರೆಯುವವರು, ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಒಮ್ಮೆ ಅವರ ಕೈ ತಪ್ಪಿದರೆ ಅಪಶಕುನದ ಕೈ ಎಂದು ದೂರ ಸರಿಯುತ್ತೇವೆ. ಆ ಕೈ ಒಂದೇ ಪಾಠ ಕಲಿತದ್ದು ಯಾರಿಂದ? ಒಂದಾದ ಮೇಲೊಂದು ಮಕ್ಕಳ ಅಂಗಿ ಒಯ್ದು ಮಿಸ್ ಐಸಿಲ್ಡಾರ ಮೇಜಿನ ಮೇಲೆ ಹಾಸಿದವರು ನಾವು. ಬದುಕಿರುವವರಿಗಾಗಿ ಒಂದೇ ಒಂದು ಅಂಗಿಯನ್ನೂ ಜೆವಾನ್ ಕೇಳುವವರೆಗೆ ಅವರಿಗೆ ಕೊಟ್ಟಿರಲಿಲ್ಲ.