ಚಕ್ಕೆ ಬಿಟ್ಟ ಬಣ್ಣ
ಬೈಂದೂರಿನಲ್ಲಿ ಗ್ಯಾರೇಜು ನಡೆಸುವ ಸುಪ್ರೀತಾ, ಅಂಗಳದ ಎಣ್ಣೆ ಮಳೆನೀರಿನೊಂದಿಗೆ ಪಕ್ಕದ ಮನೆಯ ಸರಸಕ್ಕನ ಕೆರೆ ಸೇರಬಾರದೆಂದು ತೊಟ್ಟಿ ಕಟ್ಟಿಸಿ, ಅದಕ್ಕೆ ಎಣ್ಣೆ ಹೀರುವ ಮರದ ಚಕ್ಕೆ ತುಂಬಿಸಿದಳು. ಮೊದಲ ಮಳೆಗೆ ಎಣ್ಣೆಯೇನೋ ಅಲ್ಲೇ ನಿಂತಿತು. ಆದರೆ ಹೊರಬಂದ ನೀರು ಹಾಲು ಹಾಕದ ಕಪ್ಪು ಚಹಾದಂತಿತ್ತು.

"ಎಂತ ಮಾರಾಯ್ತಿ ಇದ್?" ಎಂದರು ಸರಸಕ್ಕ.

"ಮರದ್ ರಸ ಅಕ್ಕ, ವಿಷ ಅಲ್ಲ."

"ಆಯ್ತ್, ಅದ್ ಕೆರಿ ಒಳ್ಗ್ ಕೊಳೆತ್ರೆ ಮೀನ್ ಉಳಿತ್ವಾ?"

ಸುಪ್ರೀತಾ ಚಕ್ಕೆ ಏನನ್ನು ಹಿಡಿಯುತ್ತದೆಂದು ಯೋಚಿಸಿದ್ದಳೇ ಹೊರತು, ಏನನ್ನು ಬಿಡುತ್ತದೆಂದು ಯೋಚಿಸಿರಲಿಲ್ಲ. ಅಂದೇ ತೊಟ್ಟಿಯ ನೀರು ಹೊರಹೋಗುವ ಪೈಪನ್ನು ಕೆರೆಯ ಕಡೆಯಿಂದ ತನ್ನ ತೆಂಗಿನ ಬುಡಕ್ಕೆ ತಿರುಗಿಸಿದಳು. ಮಳೆ ಸುರಿದಂತೆಲ್ಲ ಬಣ್ಣ ತೆಳುವಾಯಿತು. ಆಷಾಢದಲ್ಲೊಂದು ಬೆಳಿಗ್ಗೆ ಸರಸಕ್ಕ ಲೋಟದಲ್ಲಿ ಆ ನೀರು ಹಿಡಿದು, ಬೆಳಕಿಗೆತ್ತಿ ನೋಡಿದರು.

"ಈಗ ಕೆರಿಗ್ ಬಿಡ್ಲಕ್," ಎಂದು ಒಪ್ಪಿಗೆ ಕೊಟ್ಟರು. ಸುಪ್ರೀತಾಳ ಮನಸ್ಸು ಹಗುರಾಯಿತು.