ಡ್ರೈವರಮ್ಮ ರಸ್ತೆ ದಾಟಿದ್ದು

ಸುದ್ದಿ ತಂದ ಕಂಡಕ್ಟರು ಬಾಗಿಲಲ್ಲೇ ನಿಂತು ಕೈಯಲ್ಲಿದ್ದ ಟೋಪಿಯನ್ನು ಹಿಸುಕುತ್ತಿದ್ದ. ಡ್ರೈವರಮ್ಮ ಅವನ ಮುಖ ನೋಡಿದವಳೇ ಒಳಗೆ ಹೋಗಿ ಒಲೆ ಆರಿಸಿ ಬಂದಳು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಹಳೆಯ ಗೆಳೆಯರೊಡನೆ ಚಹಾ ಕುಡಿಯುತ್ತ, ತಾನು ಹೇಳಿದ ಮಾತಿಗೆ ತಾನೇ ನಕ್ಕು, ಆ ನಗು ಮುಗಿಯುವ ಮೊದಲೇ ಅವಳ ಗಂಡ ಹೋಗಿಬಿಟ್ಟಿದ್ದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಒಂದು ಕೋಳಿಗೂ ಗಾಯ ಮಾಡದೆ ನಿವೃತ್ತನಾದವನು; ಅವಳಿಗೆ ಡ್ರೈವರಮ್ಮ ಎಂಬ ಹೆಸರು ಬಂದದ್ದೂ ಅವನಿಂದಲೇ.

"ನೋವೇನಾದ್ರೂ ಆಯ್ತೇನಪ್ಪ?"

"ಇಲ್ಲಮ್ಮ. ನಾವೆಲ್ಲ ಇನ್ನೂ ನಗ್ತಾನೇ ಇದ್ವಿ."

"ದೇವರು ದೊಡ್ಡವನು," ಎಂದು ಅವಳು ಹೊಸ್ತಿಲ ಮೇಲೆ ಕುಳಿತಳು.

ಅದಾಗಿ ಒಂದು ತಿಂಗಳು. ರಸ್ತೆಯಾಚೆಯ ಪ್ರಾರ್ಥನಾ ಮಂದಿರದಲ್ಲಿ ಅವನಿಗಾಗಿ ಪ್ರಾರ್ಥಿಸಲು ಅಂದು ನಾಲ್ಕು ಗಂಟೆ ನಿಗದಿಯಾಗಿತ್ತು. ಮಂದಿರದ ಬಾಗಿಲು ಮನೆಯ ಮೆಟ್ಟಿಲಿನಿಂದಲೇ ಕಾಣುತ್ತಿತ್ತು. ನಡುವೆ ಇದ್ದದ್ದು ರಸ್ತೆಯೊಂದೇ. ಆದರೆ ಮದುವೆಯಾಗಿ ಬಂದಂದಿನಿಂದ ಡ್ರೈವರಮ್ಮ ಅದನ್ನು ಒಬ್ಬಳೇ ದಾಟಿದವಳಲ್ಲ. ಹೆದರಿಕೆಯಲ್ಲ, ಸಂಕೋಚ. ಗಂಡ ಕೆಲಸದಿಂದ ಬಂದು ಕಾಲು ಚಾಚಿ, "ತುಂಬಿದ ಬಸ್ಸನ್ನ ನಿಲ್ಸಿ ಮತ್ತೆ ಎತ್ತೋದಂದ್ರೆ ಕಾಲು ಕಿತ್ತು ಬರುತ್ತೆ ಕಣೇ" ಎಂದು ನರಳುವನು. ಅವಳು ಎಣ್ಣೆ ಹಚ್ಚಿ ಒತ್ತುವಳು. ಹೀಗೆ ಕಾಲು ಒತ್ತಿದವಳು ತನಗೋಸ್ಕರ ಒಂದು ಗಾಡಿಯನ್ನಾದರೂ ನಿಲ್ಲಿಸಿಯಾಳೆ? ಜನ ದಾಟುವ ಬಿಳಿ ಪಟ್ಟೆಯ ಅಂಚಿನಲ್ಲಿ ನಿಂತು, ನಿಂತ ಗಾಡಿಗಳಿಗೆಲ್ಲ "ಹೋಗಿ, ಹೋಗಿ" ಎಂದು ಕೈಬೀಸುವಳು. ಕಡೆಗೆ ಗಂಡನೇ ಮೊಣಕೈ ಹಿಡಿದು ದಾಟಿಸಬೇಕು. ಅಂದೂ ಹಾಗೆಯೇ ಪಟ್ಟೆಯ ಬಳಿ ಕೈಬೀಸುತ್ತ ನಿಂತಿದ್ದಳು, ಒಬ್ಬಳೇ.

"ಅತ್ತಿಗೆ, ಹದಿನೆಂಟು ಗಾಡಿ ಹೋಯ್ತು! ಆಶೀರ್ವಾದ ಮಾಡಿ ಮುಗೀತಾ ಇನ್ನೂ ಇದೆಯಾ?" ಮೆಟ್ಟಿಲ ಮೇಲಿಂದ ನಾದಿನಿ ಕೂಗಿದಳು. ಕಾಲು ಉಳುಕಿದ್ದರಿಂದ ಜೊತೆಗೆ ಬರಲಾರಳು; ಬಾಯಿಗೇನೂ ಆಗಿರಲಿಲ್ಲ.

"ಸುಮ್ನಿರೇ. ಪಾಪ, ಅವರಿಗೆ ಅವಸರ ಇರುತ್ತೆ."

"ನಿಮಗಿಲ್ವಾ? ಇನ್ನು ಐದೇ ನಿಮಿಷ. ಅಣ್ಣನಿಗೋಸ್ಕರ ಪ್ರಾರ್ಥನೆ, ನೀವೇ ಇಲ್ಲದಿದ್ರೆ ಹೇಗೆ?"

ಅಷ್ಟರಲ್ಲಿ ತುಂಬಿದ ಬಸ್ಸೊಂದು ಬಂದು ಪಟ್ಟೆಯ ಈಚೆಗೇ ನಿಂತಿತು. ಅವಳು ಕೈಬೀಸಿದಳು. ಬಸ್ಸು ಕದಲಲಿಲ್ಲ. ಓಡಿಸುತ್ತಿದ್ದ ಹೆಂಗಸು ಕಿಟಕಿಯಿಂದ ತಲೆ ಹೊರಹಾಕಿ ತಾನೂ ಕೈಬೀಸಿದಳು.

"ನೀವು ದಾಟಿ ಅಮ್ಮ."

"ಹೋಗವ್ವ ತಾಯಿ, ಜನ ತುಂಬಿದಾರೆ. ನಿನ್ನ ಕಾಲಿಗಾದ್ರೂ ನೋವಾಗಲ್ವಾ?"

"ಯಾವ ನೋವು? ನನಗೆ ಬಸ್ಸು ಕಲಿಸಿದ್ದು ನಿಮ್ಮನೆಯವರೇ. 'ಪಟ್ಟೆ ಹತ್ರ ನಿಂತವರು ಮೊದಲು, ನಾವು ಆಮೇಲೆ' ಅಂತ ಬೈದು ಬೈದು ಕಲಿಸಿದ್ರು."

"ಮನೇಲಿ ಕಾಲು ನೋವು, ಕಾಲು ನೋವು ಅಂತಿದ್ರಲ್ಲ!"

ಬಸ್ಸಿನವಳು ತುಟಿ ಕಚ್ಚಿದಳು. ತಡೆಯಲಾಗಲಿಲ್ಲ. "ಅಯ್ಯೋ ಅಮ್ಮ, ಹಾಗೆ ನರಳಿದ್ರೆ ನೀವು ಕಾಲು ಒತ್ತುತ್ತೀರಿ ಅಂತ ಸುಮ್ನೆ ನರಳ್ತಿದ್ರಂತೆ! ಡಿಪೋಗೆಲ್ಲ ಗೊತ್ತು ಈ ಕಥೆ."

ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಹೊರಬಿತ್ತು. ತಿಂಗಳಿಂದ ನಗದ ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಮೂವತ್ತೊಂದು ವರ್ಷ ಕಣಮ್ಮಾ! ಎಷ್ಟು ಸೀಸೆ ಎಣ್ಣೆ!"

"ದಾಟಿ ಅಜ್ಜಿ, ನಮ್ಮ ಮನೆಗಳೇನೂ ಓಡಿಹೋಗಲ್ಲ," ಎಂದು ಒಳಗಿನಿಂದ ಯಾರೋ ಕೂಗಿದರು. ಎದುರಿನಿಂದ ಬಂದ ಲಾರಿಯೂ ನಿಂತಿತು. ಅದರ ಹಿಂದೆ ಮತ್ತೆರಡು ಕಾರು.

ಡ್ರೈವರಮ್ಮ ಸೆರಗು ಸರಿಮಾಡಿಕೊಂಡು ಪಟ್ಟೆಯ ಮೇಲೆ ಕಾಲಿಟ್ಟಳು. ಓಡಲಿಲ್ಲ, ಯಾರ ಕ್ಷಮೆಯನ್ನೂ ಕೇಳಲಿಲ್ಲ. ನಡುರಸ್ತೆಯಲ್ಲಿ ಬಸ್ಸಿನವಳ ಕಡೆ ತಿರುಗಿ, "ಕಳ್ಳ ಮನುಷ್ಯ!" ಎಂದಳು, ಮದುಮಗಳಂತೆ ಕೆಂಪಾಗಿ.

ಮಂದಿರದಲ್ಲಿ ಎಲ್ಲರೂ ತಲೆ ಬಾಗಿಸಿದ್ದರು. ಅವಳು ಕೊನೆಯ ಸಾಲಿನಲ್ಲಿ ಕುಳಿತು ಕೈ ಜೋಡಿಸಿದಳು. ಕಲಿತ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ.

"ದೇವರೇ, ನಮ್ಮನೆಯವರು ನಿನ್ನ ಹತ್ರ ಬಂದಿದಾರೆ. ಮಾತು ಜಾಸ್ತಿ, ಮನಸ್ಸು ಒಳ್ಳೇದು. ಅವರನ್ನ ನೆಮ್ಮದಿಯಾಗಿ ಇರಿಸಪ್ಪಾ."